ಮೂರು ಅಕ್ಷರದ ಕೂಲಿ

ಇಳಕಲ್ಲಿನ ಕೆಂಪು ಕಲ್ಲು. ಮೂರು ಫೂಟು ಉದ್ದ, ಎರಡು ಅಗಲ.
ಕೆಳಗಿನ ಇಂಗ್ಲಿಷು, ತಾರೀಖು, ಎಲ್ಲಾ ಮಷಿನ್ನು ಕೊರೀತು.
ಮ್ಯಾಲಿನ ಮೂರಕ್ಷರ ಮಾತ್ರ ಕೈಲೇ ಕೆತ್ತಬೇಕಂತ
ಬೆಳಗಾವಿ ಕ್ಯಾಂಪಿನಿಂದ ಎಝ್ರಾ ಪೇಣಕರ ಅವರ ಚೀಟಿ.
ಅಕ್ಷರಕ್ಕ ಇನ್ನೂರೈವತ್ತು.
ಒಪ್ಪಿಕೊಂಡೆ.

ಚೀಟಿ ತಿರುವಿ ಹಿಡದೆ. ಮತ್ತ ತಿರುವಿದೆ.
ತಲೆಕಟ್ಟಿಲ್ಲ, ಗುಡಿಸಿಲ್ಲ, ಕೊಂಬಿಲ್ಲ, ಒತ್ತಿಲ್ಲ.
ಬಲಕ್ಕೊಂದು ಬಾಗಿಲ ಚೌಕಟ್ಟು,
ನಡುವ ಮೊಂಡ ಕುಡಗೋಲು,
ಎಡಕ್ಕ ಮತ್ತದೇ ಚೌಕಟ್ಟು, ಆದರ
ಅದರ ಒಂದು ಕಾಲು ಮ್ಯಾಲಿನ ತೊಲಿಗೆ ಹತ್ತಿಲ್ಲ,
ಜ್ವಾಳದ ಕಾಳು ಹಿಡಿಯೂವಷ್ಟು ಸಂದು.
ಬರದವರ ಕೈ ನಡುಗಿರಬೇಕು,
ಕೂಡಿಸಿಬಿಡೂಣು ಅಂತ ಉಳಿ ಇಟ್ಟಿದ್ದೆ.
ದಾವಲಮಲಿಕ ಮೊಣಕೈ ಹಿಡದ:
"ತಡಿ ಕಾಕಾ. ನಮ್ಮ ಬರಹದಾಗ ಚುಕ್ಕಿ ಜಿಗಿದರ
ಬಾಪ ಹೋಗಿ ತಾಪ ಆಗತದ.
ಇವೂ ಬಲದಿಂದ ಎಡಕ್ಕ ನಡಿಯೂವು ಕಾಣತಾವ. ಕೇಳು."

ಓದಾಕ ಬರದ ಹೆಸರು ಕೆತ್ತಿದರ
ಉಳಿ ಕುರುಡಾಕ್ಕತಿ ಅಂತಿದ್ದ ನಮ್ಮಪ್ಪ.
ಫೋನ್ ಹಚ್ಚಿದೆ. "ಹೆಂಗ ಅನ್ನೂದ್ರೀ ಇದನ್ನ?"
"ಹನ್ನಾ," ಅಂದರು ಮುದುಕರು. "ಹ ಅಲ್ಲ ಮತ್ತ.
ಖ ಭೀ ಅಲ್ಲ. ನಡುವಿಂದು.
ಕಡೀ ಅಕ್ಷರ ಅನ್ನೂದಿಲ್ಲ, ಬರಿಯೂದು ಅಷ್ಟ.
ಆ ಸಂದು ಮುಚ್ಚಬ್ಯಾಡ್ರಿ."

ನಾನಂದೆ: ಖನ್ನಾ.
ದಾವಲಮಲಿಕ ನಕ್ಕ: "ಖಾನಾ? ಖರೆ, ಉಣ್ಣೂ ಹೊತ್ತಾತು."
ಬುತ್ತಿ ಹಿಡಕೊಂಡು ಬಂದ ಸಂಕವ್ವ,
ಗುಳೇದಗುಡ್ಡದ ಮಗ್ಗದ ಮನಿಯಾಕಿ:
"ಖಣಾ? ಯಾರಿಗೆ ಉಡಿ ತುಂಬಾಕತ್ತೀರಿ?"
ತೀರಿಕೊಂಡಾಕಿ ಹೆಸರ ಅದು, ಅಂದೆ.
ಸೆರಗು ತಲಿಮ್ಯಾಲೆ ಎಳಕೊಂಡಳು.

ಫೋನು ಇನ್ನೂ ಕಿವಿಯಾಗಿತ್ತು.
"ಮನಿಯಾಗ ನಾವು ಹನೂಬಾಯಿ ಅಂತಿದ್ದಿವಿ,
ಪಲಟನ್ನಿನ ಮಂದಿ ಹನುಮಾಬಾಯಿ ಅಂದರು,
ರೇಶನ್ ಕಾರ್ಡಿನಾಗ ಹೋಣ್ಣಾಬಾಯಿ, ತಿದ್ದಿಸಲೇ ಇಲ್ಲ.
ಹಿಂಗ, ಪೂರಾ, ಲಗ್ನದ ದಿನ ಒಮ್ಮೆ ಅಂದಿದ್ದೆ.
ಮತ್ತ ಈ ಶ್ರಾವಣದಾಗ, ಮಣ್ಣು ಹಾಕೂಮುಂದ."

"ಮತ್ತೊಮ್ಮೆ ಅನ್ರಿ," ಅಂದೆ. ನನ್ನ ಬಾಯಿಗೆ ಬೆಂಕಿ ಬೀಳಲಿ.
ಆ ಕಡಿ ಮಿಲಿಟರಿ ಟ್ರಕ್ಕೊಂದು ಹೋತು.
ಆಮ್ಯಾಲೆ ಗಂಟಲ ತಳದಾಗ ಏನೋ ಕೆರದಂಗಾತು.
ಅದು ಅಕ್ಷರನೋ, ಅಳುನೋ,
ನನಗ ಬಗಿಹರೀಲಿಲ್ಲ.
ಮೂರನೇ ಸಲ ಕೇಳಲಿಲ್ಲ.

ಬಿಸಲು ಇಳಿದ ಮ್ಯಾಲೆ ಬಲಗಡಿಯಿಂದ ಸುರು ಮಾಡಿದೆ.
ಮೊದಲನೇ ಚೌಕಟ್ಟಿನ ಕಾಲಾಗ ಧೂಳು ತುಂಬಿತ್ತು.
ಬಗ್ಗಿ, ಬಾಯಿ ತೆರದು, ಎದೀಯಿಂದ ಊದಿದೆ:
ಹ್ಹ್
ದಾವಲಮಲಿಕ ಕೈಯಾನ ಪಾಲಿಶ್ ಕಲ್ಲು ಕೆಳಗಿಟ್ಟ.
"ಕಾಕಾ," ಅಂದ, "ಅಂದಿ ನೋಡು."

ಮೂವತ್ತೆರಡು ವರ್ಷಾತು ನಾನು ಹೆಸರು ಕೆತ್ತೂದು.
ಪಾಟೀಲರವು, ಹವಾಲ್ದಾರರವು, ಹೊಸಾ ಬ್ಯಾಂಕಿನವು,
ಉದ್ಘಾಟನೆಗೆ ಬಾರದೇ ಹೋದ ಮಂತ್ರಿಗಳವೂ.
ಒಂದೊಂದು ಗೀರಿಗೂ ಬಗ್ಗಿ
ಇದನ್ನೇ ಅಂದೇನಿ.

ಕಡೀ ಚೌಕಟ್ಟಿಗೆ ಬಂದಾಗ ಕತ್ತಲಾತು,
ಬಲ್ಬು ಹಚ್ಚಿ ಸಂದಿನ ಸುತ್ತ ಸುತ್ತಿ ಬಂದೆ.
ಅಷ್ಟು ಸಣ್ಣ ಜಾಗಾ ಕೆತ್ತದೇ ಬಿಡೂದು
ಕೆತ್ತೂದಕ್ಕಿಂತ ಬಿಗಿ.

ಐನೂರು ಅಂತ ಬಿಲ್ಲು ಕಳಿಸಿದೆ.
ಅನ್ನದೇ ಇರೂ ಅಕ್ಷರಕ್ಕ ಕೂಲಿ ಹೆಂಗ ಹಚ್ಚಲಿ?
ಏಳುನೂರೈವತ್ತು ಬಂತು, ಜೋಡಿಗೆ ಒಂದು ಸಾಲು:
"ಅದು ಸುಮ್ಮ ಇರತದ. ಖರೆ, ಇರತದ."

ಲಾರಿಗೆ ಏರಸೂಮುಂದ ಗೋಣಿ ತುದಿ ಸರದಿತ್ತು.
ಒಳಗ, ಮೂರಕ್ಷರದ ಮ್ಯಾಲೆ
ಮಡಚಿ ಇಟ್ಟಿದ್ದು ಒಂದು ಖಣ, ಹಸರು ಅಂಚಿಂದು.
ಸಂಕವ್ವ ಆ ಕಡೆ ಮಾರಿ ಮಾಡಿ
ಬುತ್ತಿ ಗಂಟು ಬಿಚ್ಚತಿದ್ದಳು.
ಗೋಣಿ ಮುಚ್ಚಿ ಹಗ್ಗ ಬಿಗದೆ.